ನಾರ್ವೆಗೆ ಧ್ರುವಪ್ರಭೆ ನೋಡಲು ಹೊರಟವರೇ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಫೆಬ್ರುವರಿ 2025ರಲ್ಲಿ ನಾನು, ನಮ್ಮ ಮನೆಯವರು ನಾರ್ವೆಯ ಟ್ರೊಮ್ಸೊ ಊರಿಗೆ ಹೋಗಿ ಮೂರು ರಾತ್ರಿ ಇದ್ದು ಬಂದೆವು. ಧ್ರುವಪ್ರಭೆ, ಅಂದರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕು, ಈಗ ಎಲ್ಲರೂ ನಾರ್ದರ್ನ್ ಲೈಟ್ಸ್ ಅನ್ನುತ್ತಾರಲ್ಲ, ಅದನ್ನು ನೋಡಲಿಲ್ಲ. ಇಬ್ಬರಿಗೆ 5.70 ಲಕ್ಷ ರೂಪಾಯಿ, ಅದರ ಮೇಲೆ ತೆರಿಗೆ ಬೇರೆ. ವಿಜಯಪುರದಲ್ಲಿ ನನ್ನ ಪರಿಚಯದ ಮೂರು ಮನೆಯವರು ಬರುವ ಚಳಿಗಾಲಕ್ಕೆ ಇಂಥದ್ದೇ ಸಣ್ಣ ತಂಡದ ಟೂರಿಗೆ ಹೆಸರು ಕೊಡುವ ಯೋಚನೆಯಲ್ಲಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ, ನಮ್ಮ ದೂರು ವಿಚಾರಣೆಯಲ್ಲಿದೆ.

ನಾನು ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಕಲಿಸಿದವಳು. ಧ್ರುವಪ್ರಭೆ ಅಂದರೇನು ಅಂತ ಮಕ್ಕಳಿಗೆ ಹಲಗೆಯ ಮೇಲೆ ಹಸಿರು ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದವಳು. ಆದ್ದರಿಂದ ನಮ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆ ಕಂಪನಿಯವರು ಸಭೆ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದಾಗ, ನಿವೃತ್ತಿಯ ದುಡ್ಡಿನಲ್ಲಿ ಇದೊಂದು ಆಸೆ ತೀರಲಿ ಅಂತ ನಾನೇ ಹಟ ಹಿಡಿದೆ. ಕೈಗೆ ಬಂದ ಪಾಂಪ್ಲೆಟ್ಟಿನಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿತ್ತು: ಎಂಟೇ ಜನ, ನಮ್ಮದೇ ಗಾಡಿ, ಕನ್ನಡ ಮಾತಾಡುವ ಗೈಡ್, ಖಚಿತ ದರ್ಶನ.

"ಅಕ್ಕಾರ, ಈ ವರ್ಷ ಬಿಟ್ರ ಮತ್ತ 11 ವರ್ಷ ಇಲ್ರಿ. ನಾಸಾದವ್ರೇ ಹೇಳ್ಯಾರ" ಅಂದರು ಮಾಲೀಕರು. ಈ ಮಾತಿಗೇ ಸುಮಾರು ಮಂದಿ ಅಲ್ಲೇ ಅಡ್ವಾನ್ಸ್ ಕೊಟ್ಟರು. ಅದರಲ್ಲಿ ಅರ್ಧ ಮಾತ್ರ ನಿಜ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಈಗಿನ ಏರಿಕೆ ಗರಿಷ್ಠ ಘಟ್ಟ ಮುಟ್ಟಿದೆ ಅಂತ ನಾಸಾ ಅಕ್ಟೋಬರ್ 2024ರಲ್ಲಿ ಹೇಳಿದ್ದೂ ಹೌದು. ಆದರೆ ಟ್ರೊಮ್ಸೊ ಇರುವುದು 69 ಡಿಗ್ರಿ ಉತ್ತರದಲ್ಲಿ, ಧ್ರುವಪ್ರಭೆ ಉಂಗುರದಂತೆ ಹರಡುವ ಪಟ್ಟಿಯ ಕೆಳಗೇ. ಅಲ್ಲಿ ಸೂರ್ಯ ಸುಮ್ಮನಿರುವ ವರ್ಷಗಳಲ್ಲೂ ಸೆಪ್ಟೆಂಬರಿನಿಂದ ಮಾರ್ಚ್ ತನಕ ಬೆಳಕು ಕಾಣುತ್ತದೆ. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಅಂತ ಅಳೆಯುವ, ಸೊನ್ನೆಯಿಂದ ಒಂಬತ್ತರ ತನಕ ಹೋಗುವ ಕೆಪಿ ಸೂಚ್ಯಂಕದಲ್ಲಿ 2 ಇದ್ದರೂ ಆ ಊರಿಗೆ ಸಾಕು. ಅವಸರ ಮಾಡಿ ಯಾರಾದರೂ ದುಡ್ಡು ಕೇಳಿದರೆ ಇದನ್ನು ನೆನಪಿಡಿ. ನನಗೆ ಗೊತ್ತಿದ್ದೂ ಆ ಹೊತ್ತಿನಲ್ಲಿ ಬಾಯಿ ಬಿಟ್ಟು ಕೇಳಲಿಲ್ಲ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ವೀಸಾ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡುವುದು, ಇನ್ಶೂರೆನ್ಸ್, ಎಲ್ಲ ಸರಿಯಾಗಿಯೇ ಆಯಿತು. ಮುಂಬೈನಿಂದ ವಿಮಾನವೂ ಹೊತ್ತಿಗೆ ಸರಿಯಾಗಿ ಹೊರಟಿತು.

ಟ್ರೊಮ್ಸೊದಲ್ಲಿ ಇಳಿದಾಗ ನಾವು ಎಂಟಲ್ಲ, ಹದಿನಾಲ್ಕು ಮಂದಿ. ಸಿಂದಗಿಯವರು, ಜಮಖಂಡಿಯವರು, ಬೆಳಗಾವಿಯಿಂದ ಬಂದ ಒಬ್ಬ ಡಾಕ್ಟರ್ ಮತ್ತು ಅವರ ತಾಯಿ. ಬಾಡಿಗೆಗೆ ತೆಗೆದ ಎರಡು ವ್ಯಾನು. ಒಂದನ್ನು ಓಡಿಸಲು ಅಲ್ಲಿ ಓದುತ್ತಿದ್ದ ಒಬ್ಬ ಹುಡುಗ, ಇನ್ನೊಂದಕ್ಕೆ ನಮ್ಮ ಗೈಡೇ ಡ್ರೈವರ್. ಗೈಡ್ ಅಂದರೆ ಇಪ್ಪತ್ತನಾಲ್ಕು ವರ್ಷದ, ನಮ್ಮ ಕಡೆಯವನೇ ಆದ ಹುಡುಗ. ಹಿಮ ನೋಡಿದ್ದು ಅದೇ ಮೊದಲು ಅಂತ ಎರಡನೇ ದಿನ ಅವನೇ ಹೇಳಿಕೊಂಡ.

ಮೊದಲ ರಾತ್ರಿ ಮೋಡ. "ಇವತ್ತ ರೆಸ್ಟ್ ಮಾಡ್ರಿ, ನಾಳೆ ನೋಡೋಣ" ಅಂದ. ದಣಿದಿದ್ದೆವು, ಒಪ್ಪಿದೆವು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಮೋಸ ಇದರ ಮೇಲೆಯೇ ನಿಂತಿದೆ. ಸೂರ್ಯನಿಂದ ಬರುವ ವಿದ್ಯುದಾವೇಶದ ಕಣಗಳು ಭೂಮಿಯ ಕಾಂತಕ್ಷೇತ್ರದ ದಾರಿ ಹಿಡಿದು ಇಳಿದು, ಮೇಲಿನ ತೆಳು ಗಾಳಿಯ ಆಮ್ಲಜನಕಕ್ಕೂ ಸಾರಜನಕಕ್ಕೂ ಬಡಿದಾಗ ಈ ಬೆಳಕು ಹುಟ್ಟುತ್ತದೆ. ಹಸಿರು ಬಣ್ಣ ಹುಟ್ಟುವ ಎತ್ತರ ನೆಲದಿಂದ ಸುಮಾರು 100 ಕಿ.ಮೀ. ಮೇಲೆ. ಮಳೆ, ಹಿಮ ಸುರಿಸುವ ಮೋಡ ಹನ್ನೆರಡು ಕಿ.ಮೀ. ಒಳಗೇ ಇರುತ್ತದೆ. ಅಂದರೆ ಮೇಲೆ ಎಷ್ಟೇ ಬೆಳಕು ಕುಣಿದರೂ ಕೆಳಗೆ ಮೋಡದ ಮುಚ್ಚಳ ಬಿದ್ದಿದ್ದರೆ ಮುಗಿಯಿತು. ಆದರೆ ಮುಚ್ಚಳ ಎಲ್ಲ ಕಡೆ ಇರುವುದಿಲ್ಲ. ಟ್ರೊಮ್ಸೊ ಕಡಲ ದಂಡೆಯ ಊರು, ಬೆಚ್ಚಗಿನ ಕಡಲ ಪ್ರವಾಹದಿಂದ ತೇವ ಬಂದು ಅಲ್ಲಿ ಮೋಡ ಕಟ್ಟುತ್ತದೆ. ಬೆಟ್ಟಸಾಲು ದಾಟಿ ಒಳನಾಡಿಗೆ ಹೋದರೆ ಗಾಳಿ ಒಣಗುತ್ತದೆ. ಖಾನಾಪುರದಲ್ಲಿ ಧೋ ಎಂದು ಸುರಿಯುವ ಮುಂಗಾರು ಅಥಣಿ ದಾಟಿ ನಮ್ಮ ವಿಜಯಪುರಕ್ಕೆ ಬರುವಷ್ಟರಲ್ಲಿ ಬರಿಗೈ ಆಗಿರುವುದಿಲ್ಲವೇ, ಅದೇ ಲೆಕ್ಕ. ಅಲ್ಲಿಯ ಗೈಡುಗಳಿಗೆ ಇದು ಗೊತ್ತು. ಸಂಜೆ ಹವಾಮಾನ ನೋಡಿ, ಶಿಬೊತ್ನ್ ಕಣಿವೆಯ ಕಡೆಗೋ, ಇನ್ನೂ ಮುಂದೆ ಗಡಿ ದಾಟಿ ಫಿನ್ಲೆಂಡಿನ ಕಿಲ್ಪಿಸ್‌ಯಾರ್ವಿಗೋ ಗಾಡಿ ಒಯ್ಯುತ್ತಾರೆ. ಸುಮಾರು 160 ಕಿ.ಮೀ., ಹೆಚ್ಚುಕಡಿಮೆ ವಿಜಯಪುರದಿಂದ ಕಲಬುರಗಿಗೆ ಹೋದಷ್ಟು. ಎರಡೂ ದೇಶ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ ಒಳಗಿರುವುದರಿಂದ ಬೇರೆ ವೀಸಾ ಬೇಡ. ಬೆಳಕಿನ ಬೆನ್ನಟ್ಟುವುದು ಅಂತ ಅವರು ಹೇಳುವುದು ಇದಕ್ಕೇ. ಸಣ್ಣ ತಂಡಕ್ಕೆ ಹೆಚ್ಚು ದುಡ್ಡು ಕೊಡುವುದೂ ಈ ಓಡಾಟಕ್ಕಾಗಿಯೇ.

ಎರಡನೇ ರಾತ್ರಿ ನಮ್ಮನ್ನು ಒಯ್ದದ್ದು ಊರಿನಿಂದ ಇಪ್ಪತ್ತೈದು ನಿಮಿಷ ದೂರದ ಒಂದು ಕಡಲ ದಂಡೆಗೆ. ಅಲ್ಲೂ ಅದೇ ಮೋಡ, ಊರಿನ ದೀಪದ ಬೆಳಕು ಮೋಡಕ್ಕೆ ಬಡಿದು ಕೆಂಪಗೆ ಕಾಣುತ್ತಿತ್ತು. ಬಾಕಿ ಕಂಪನಿಗಳ ವ್ಯಾನು ನಮ್ಮ ಎದುರಿಗೇ ತಿರುಗಿಸಿಕೊಂಡು ಹೊರಟವು. ನಮ್ಮ ಮನೆಯವರು ಮೊಬೈಲಿನಲ್ಲಿ ನಾರ್ವೆಯ ಹವಾಮಾನ ಇಲಾಖೆಯ ಮುನ್ಸೂಚನೆ ತೆಗೆದು ತೋರಿಸಿದರು. "ತಮ್ಮಾ, ಗಡಿ ಕಡೆ ಆಕಾಶ ಖುಲ್ಲಾ ಐತಿ ಅಂತ ತೋರಸಾಕತ್ತೈತಿ. ಅಲ್ಲಿಗೆ ಹೋಗೂಣಲ್ಲ?"

"ಕಾಕಾರ, ಗಾಡಿ ಅಷ್ಟ್ ದೂರ ಒಯ್ಯಾಂಗಿಲ್ರಿ. ದಿನಕ್ಕ 150 ಕಿಲೋಮೀಟರ್ ಅಷ್ಟ ಬಾಡಿಗಿ. ಮ್ಯಾಲ ಆದ್ರ ಆಫೀಸಿನವ್ರು ನನ್ನ ಪಗಾರದಾಗ ಹಿಡೀತಾರ."

ಆ ಹುಡುಗ ಸುಳ್ಳು ಹೇಳಲಿಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒಂದು ಮಾತಿನಲ್ಲಿ ಎಲ್ಲ ತಿಳಿಯಿತು. ನಮ್ಮ ಟೂರು ಮೋಡ ಬಂದರೆ ಅಲ್ಲಿಗೇ ನಿಲ್ಲುವಂತೆ ವಿಜಯಪುರದಲ್ಲಿದ್ದಾಗಲೇ ಲೆಕ್ಕ ಹಾಕಿ ಇಟ್ಟದ್ದಾಗಿತ್ತು. ಹೋಗಿ ಬರುವುದು ಎಲ್ಲ ಸೇರಿ 320 ಕಿ.ಮೀ. ಆಗುವ ದಾರಿಗೆ 150ರ ಗಾಡಿ.

ಕಡಲ ದಂಡೆಯಲ್ಲಿ ಎರಡು ತಾಸು ನಿಂತೆವು. ಕೊಡುತ್ತೇವೆ ಅಂದಿದ್ದ ಬೆಚ್ಚನೆಯ ಪೂರ್ತಿ ಉಡುಪು, ಬೂಟು ಯಾವುದೂ ಇಲ್ಲ, ಒಂದೊಂದು ಜಾಕೆಟ್ ಅಷ್ಟೇ. ನಮ್ಮ ಮನೆಯವರಿಗೆ ಹದಿನೈದು ವರ್ಷದಿಂದ ಶುಗರ್. ಅಂಗಾಲಿನಲ್ಲಿ ಮೊದಲೇ ಸ್ಪರ್ಶ ಕಡಿಮೆ. ಬೆರಳು ಬೆಳ್ಳಗಾಗಿದ್ದನ್ನು ಬೆಳಗಾವಿಯ ಡಾಕ್ಟರು ಟಾರ್ಚ್ ಹಿಡಿದು ನೋಡಿ ಕೂಡಲೇ ವ್ಯಾನಿನೊಳಗೆ ಕೂರಿಸಿದರು. ಶುಗರ್ ಇರುವವರಿಗೆ ಚಳಿ ಕಡಿಯುವುದು ಗೊತ್ತಾಗುವುದೇ ಇಲ್ಲ, ಅದೇ ಅಪಾಯ ಅಂದರು. ಕರಾವಳಿಯಲ್ಲೇ ಹೀಗೆ. ಒಳನಾಡಿನಲ್ಲಿ ಮೈನಸ್ 20ಕ್ಕೂ ಕೆಳಗೆ ಇಳಿಯುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಉಡುಪು, ಬೂಟು, ದಾರಿಯಲ್ಲಿ ಶೌಚಾಲಯ, ಈ ಮೂರನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಾನು ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನೇ ಆ ರಾತ್ರಿ ಹದಿನಾಲ್ಕು ಮಂದಿ ಹಂಚಿಕೊಂಡು ತಿಂದೆವು, ಊಟವೂ ಹೊತ್ತಿಗೆ ಬರಲಿಲ್ಲ.

ಹೊರಡುವ ಮುಂಚೆ ಗೈಡ್ ಮೊಬೈಲನ್ನು ಆಕಾಶಕ್ಕೆ ಹಿಡಿದು ನೈಟ್ ಮೋಡಿನಲ್ಲಿ ಫೋಟೊ ತೆಗೆದ. ಮೋಡದ ಸಂದಿಯಲ್ಲಿ ಒಂದು ಮಸುಕು ಹಸಿರು. "ಬಂತ್ ನೋಡ್ರಿ, ದರ್ಶನ ಆತು" ಅಂದು ಎಲ್ಲರ ಗ್ರೂಪ್ ಫೋಟೊ ತೆಗೆದು ಆಫೀಸಿಗೆ ಕಳಿಸಿದ. ನಮ್ಮ ಕಣ್ಣಿಗೆ ಏನೂ ಕಂಡಿರಲಿಲ್ಲ. ಕ್ಯಾಮೆರಾ ಕೆಲವು ಸೆಕೆಂಡು ತೆರೆದಿದ್ದು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಕಣ್ಣು ಹಾಗೆ ಕೂಡಿಸುವುದಿಲ್ಲ, ಮಂದ ಬೆಳಕಿನಲ್ಲಿ ಬಣ್ಣವನ್ನೂ ಗುರುತಿಸುವುದಿಲ್ಲ. ನಿಜವಾದ ಧ್ರುವಪ್ರಭೆಯೂ ಮಂದವಾಗಿದ್ದರೆ ಕಣ್ಣಿಗೆ ಬೂದು ಮೋಡದಂತೆ ಕಾಣುತ್ತದೆ. ಆದರೆ ಈ ಫೋಟೊ ಮುಂದೆ ನಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ ಅಂತ ಆಗ ಹೊಳೆಯಲಿಲ್ಲ. ಕಾಣದಿದ್ದರೆ ಇಂಥ ಫೋಟೊದಲ್ಲಿ ನಿಲ್ಲಬೇಡಿ.

ಮೂರನೇ ರಾತ್ರಿ ಎಲ್ಲರೂ ಜಗಳ ಮಾಡಿ ಹೆಚ್ಚಿನ ಬಾಡಿಗೆ ನಾವೇ ಕೊಡುತ್ತೇವೆ ಅಂದು ಹೊರಡಿಸಿದೆವು. ಅದು ನಮ್ಮ ತಪ್ಪು. ಒಂದು ತಾಸು ಹೋಗುವಷ್ಟರಲ್ಲಿ ತಿರುವಿನಲ್ಲಿ ನಮ್ಮ ವ್ಯಾನು ಮಂಜುಗಡ್ಡೆಯ ಮೇಲೆ ಜಾರಿ, ಅಡ್ಡಲಾಗಿ, ರಸ್ತೆ ಬದಿಯ ಹಿಮದ ಗುಡ್ಡೆಗೆ ಹೋಗಿ ನಿಂತಿತು. ಹಿಮ ಇಲ್ಲದಿದ್ದರೆ ಕೆಳಗೆ ನೀರು. ಆ ಹುಡುಗನ ಕೈ ಸ್ಟೇರಿಂಗ್ ಮೇಲೆ ನಡುಗುತ್ತಿತ್ತು. ಯಾರೂ ಮಾತಾಡಲಿಲ್ಲ, ಡಾಕ್ಟರ ತಾಯಿ ಮಾತ್ರ ಸಿದ್ಧರಾಮೇಶ್ವರನ ಹೆಸರು ಹೇಳುತ್ತಿದ್ದರು. ವಾಪಸ್ ಬಂದೆವು. ದುಡ್ಡು ಪಡೆದು ಜನರನ್ನು ಒಯ್ಯಲು ನಾರ್ವೆಯಲ್ಲಿ ಪರವಾನಗಿ ಬೇಕು, ಬರೀ ಬಾಡಿಗೆ ಗಾಡಿ ಸಾಲದು ಅಂತ ಮರುದಿನ ಹೋಟೆಲಿನವರಿಂದ ತಿಳಿಯಿತು. ಇದನ್ನು ಮೊದಲೇ ಕೇಳಬೇಕಿತ್ತು: ಗಾಡಿ ಯಾರದ್ದು, ಓಡಿಸುವವರು ಅಲ್ಲಿಯವರೇ, ಪರವಾನಗಿ ಯಾವುದು.

ಆ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಕೊಲ್ಲಾಪುರದ ಗಂಡ ಹೆಂಡತಿ ಸಿಕ್ಕರು. ಟೂರ್ ಇಲ್ಲದೆ ತಾವೇ ಬಂದವರು. ಹಿಂದಿನ ರಾತ್ರಿ ಅಲ್ಲಿಯ ಒಬ್ಬ ಗೈಡಿಗೆ ತಲಾ 1,800 ಕ್ರೋನ, ಅಂದರೆ ಸುಮಾರು 14,000 ರೂಪಾಯಿ ಕೊಟ್ಟು, ಎಂಟು ಜನರ ವ್ಯಾನಿನಲ್ಲಿ ಗಡಿಯ ತನಕ ಹೋಗಿ, ರಾತ್ರಿ ಒಂದರ ಹೊತ್ತಿಗೆ ಇಡೀ ಆಕಾಶ ಹಸಿರಾದದ್ದನ್ನು ನೋಡಿ ಬಂದಿದ್ದರು. ಉಡುಪು, ಬೂಟು, ಬಿಸಿ ಸೂಪು ಎಲ್ಲ ಅದರಲ್ಲೇ. ಅವರು ಹೇಳುತ್ತಿದ್ದಾಗ ನಾನು ಎದ್ದು ಕೋಣೆಗೆ ಹೋದೆ, ಕೂರಲಾಗಲಿಲ್ಲ.

ಊರಿಗೆ ಬಂದು ದುಡ್ಡು ಕೇಳಿದಾಗ ಮಾಲೀಕರು ಎರಡು ಕಾಗದ ಮುಂದಿಟ್ಟರು. ಒಂದು ಆ ಗ್ರೂಪ್ ಫೋಟೊ. ಇನ್ನೊಂದು ನಾವು ಸಹಿ ಹಾಕಿದ ಇಂಗ್ಲಿಷ್ ಫಾರಂ, ಅದರ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ, ಇದು ಪ್ರಕೃತಿಯ ವಿಷಯ, ಕಾಣದಿದ್ದರೆ ಹೊಣೆ ಇಲ್ಲ ಅಂತ. ಕನ್ನಡದಲ್ಲಿ ಖಚಿತ, ಇಂಗ್ಲಿಷಿನಲ್ಲಿ ಹೊಣೆ ಇಲ್ಲ. ಪ್ರಾಮಾಣಿಕ ಗೈಡ್ ಯಾರೂ ಖಚಿತ ಅನ್ನುವುದಿಲ್ಲ. ಎಷ್ಟು ದೂರ ಒಯ್ಯುತ್ತೇನೆ, ಕಾಣದಿದ್ದರೆ ಇನ್ನೊಂದು ರಾತ್ರಿ ಉಚಿತವೋ ಅರ್ಧ ದರವೋ, ಅದನ್ನು ಹೇಳುತ್ತಾನೆ.

ದುಡ್ಡಿನ ವಿಷಯ ಇನ್ನೊಂದಿದೆ. ವಿದೇಶಿ ಟೂರ್ ಪ್ಯಾಕೇಜಿಗೆ ಕಂಪನಿ ಟಿಸಿಎಸ್ ಅಂತ ತೆರಿಗೆ ಹಿಡಿದು ನಮ್ಮ ಪ್ಯಾನ್ ನಂಬರಿಗೆ ಕಟ್ಟಬೇಕು. ನಾವು ಕಟ್ಟಿದಾಗ ಏಳು ಲಕ್ಷದ ತನಕ ಶೇ 5 ಇತ್ತು, ತಲಾ 2.85 ಲಕ್ಷಕ್ಕೆ 14,250 ರೂಪಾಯಿ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ವಾಪಸ್ಸೂ ಪಡೆಯಬಹುದು. ನಮ್ಮ ಪ್ಯಾನಿಗೆ ಜಮೆಯಾದ ತೆರಿಗೆಯ ಪಟ್ಟಿ, ಅಂದರೆ ಫಾರಂ 26ಎಎಸ್, ತೆಗೆಸಿ ನೋಡಿದರೆ ಅರ್ಧ ಮಾತ್ರ ಇತ್ತು. ಬ್ಯಾಂಕಿನಿಂದ ಕಂಪನಿ ಖಾತೆಗೆ ಹೋದ ಕಂತಿನದ್ದು ಬಂದಿದೆ. ಉಳಿದದ್ದನ್ನು ಮಾಲೀಕರು ಹೇಳಿದಂತೆ ಅವರ ಮನೆಯವರೊಬ್ಬರ ನಂಬರಿಗೆ ಫೋನ್‌ಪೇ ಮಾಡಿದ್ದೆವು, ಅದರ ತೆರಿಗೆ ಎಲ್ಲೂ ಇಲ್ಲ. ಒಂದು ರೂಪಾಯಿಯನ್ನೂ ಖಾಸಗಿ ನಂಬರಿಗೆ ಹಾಕಬೇಡಿ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ಫೋನ್ ಮಾಡಿದೆವು. ಅಲ್ಲಿ ಬಗೆಹರಿಯಲಿಲ್ಲ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲಿಯದೇ ಆಗಿರಲಿ, ನಾವಿರುವ ಊರಿನಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷದ ತನಕ ಶುಲ್ಕವಿಲ್ಲ. ನಮ್ಮದು ಅದಕ್ಕಿಂತ ಮೇಲಾದ್ದರಿಂದ 200 ರೂಪಾಯಿ ಕಟ್ಟಿದೆವು.

ವಕೀಲರು ಮೊದಲು ಕೇಳಿದ್ದು ಆ ಕನ್ನಡ ಪಾಂಪ್ಲೆಟ್. ಪುಣ್ಯಕ್ಕೆ ನಮ್ಮ ಮನೆಯವರು ಅದರಲ್ಲಿ ಗುಳಿಗೆ ಕಟ್ಟಿಕೊಂಡು ಬ್ಯಾಗಿನಲ್ಲಿ ಇಟ್ಟಿದ್ದರು. ಜಮಖಂಡಿಯವರೂ ಡಾಕ್ಟರೂ ತಮ್ಮದನ್ನು ಕಳೆದುಕೊಂಡಿದ್ದಾರೆ. ಆ ಸಭೆಗೆ ಬಂದಿದ್ದವರ ಬಳಿ ಇನ್ನೊಂದು ಪ್ರತಿ ಇದ್ದರೆ ದಯವಿಟ್ಟು ಎರಡೂ ಬದಿಯ ಫೋಟೊ ತೆಗೆದು ನನಗೆ ಕಳಿಸಿ, ಅವರಿಗೂ ಬೇಕಾಗಿದೆ.