ಸಿಲಿಕಾ ಫ್ಯೂಮ್, ಮೆಟಾಕಾವೊಲಿನ್, ಹಾರುಬೂದಿ: ಫೈಬರನ್ನು ಬಿಗಿಯಾಗಿ ಹಿಡಿದದ್ದು ಯಾವುದು?

ಕಾಂಕ್ರೀಟ್ ಅಂದರೆ ಪರೀಕ್ಷೆಗೆಂದು ಎರಕ ಹೊಯ್ದ ಕ್ಯೂಬ್ ಎಷ್ಟು ಭಾರ ತಡೆಯಿತು ಅಂತಲೇ ಎಲ್ಲರೂ ಕೇಳುತ್ತಾರೆ. ನಾನೂ ಅದನ್ನೇ ನೋಡುತ್ತಿದ್ದೆ. ಸಿಮೆಂಟಿನ ಒಂದು ಪಾಲಿನ ಬದಲಿಗೆ ನಾನು ಹಾಕಿ ನೋಡಿದ ಪುಡಿಗಳು ಮೂರು: ಸಿಲಿಕಾನ್ ಕುಲುಮೆಯ ಹೊಗೆಯಿಂದ ಹಿಡಿದ ಸಿಲಿಕಾ ಫ್ಯೂಮ್, ಸುಟ್ಟ ಬಿಳಿ ಜೇಡಿಯ ಪುಡಿಯಾದ ಮೆಟಾಕಾವೊಲಿನ್, ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ. ಆದರೆ ಈ ಮೂರು ಪುಡಿಗಳ ನಡುವಿನ ನಿಜವಾದ ವ್ಯತ್ಯಾಸ ನನಗೆ ಕಂಡದ್ದು ಮುರಿದ ಬೀಮಿನ ಮುಖದಲ್ಲಿ, ಅಲ್ಲಿಂದ ಚಾಚಿಕೊಂಡಿದ್ದ ಫೈಬರ್ ತುದಿಗಳಲ್ಲಿ. ಫೈಬರ್ ಅಂದರೆ ಇಲ್ಲಿ ಕಾಂಕ್ರೀಟಿಗೆ ಬೆರೆಸುವ ಉಕ್ಕಿನ ಚಿಕ್ಕ ತಂತಿ ತುಂಡುಗಳು.

ಒಂದು ಘನ ಮೀಟರಿಗೆ ಸಿಮೆಂಟು, ಪುಡಿ ಎರಡೂ ಸೇರಿ 500 ಕಿಲೋ, ನೀರು 150 ಲೀಟರ್. ತುದಿ ಬಾಗಿದ ಉಕ್ಕಿನ ಫೈಬರ್ ಗಾತ್ರದ ಲೆಕ್ಕದಲ್ಲಿ ಶೇ 1, ಅಂದರೆ ಸುಮಾರು 78 ಕಿಲೋ. ಸಿಮೆಂಟಿನ ಒಂದು ಪಾಲು ತೆಗೆದು, ಮೊದಲ ಮಿಶ್ರಣಕ್ಕೆ ಶೇ 8 ಸಿಲಿಕಾ ಫ್ಯೂಮ್, ಎರಡನೆಯದಕ್ಕೆ ಶೇ 10 ಮೆಟಾಕಾವೊಲಿನ್, ಮೂರನೆಯದಕ್ಕೆ ಶೇ 25 ಹಾರುಬೂದಿ ಹಾಕಿದೆ. ಸ್ಲಂಪ್ (ಹಸಿ ಮಿಶ್ರಣ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ) ಒಂದೇ ಬರಲಿ ಅಂತ, ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲ ಮಾಡುವ ಸೂಪರ್‌ಪ್ಲಾಸ್ಟಿಸೈಸರನ್ನು ಮಾತ್ರ ಹೆಚ್ಚುಕಮ್ಮಿ ಮಾಡಿದೆ.

ಕಲಸುವ ದಿನ ಗೆದ್ದದ್ದು ಹಾರುಬೂದಿ. ಅದರ ಕಣಗಳು ಗುಂಡಗಿರುತ್ತವೆ, ಹಾಗಾಗಿ ಮಿಶ್ರಣ ಸಲೀಸಾಗಿ ಜಾರುತ್ತದೆ, ಫೈಬರ್ ಕೂಡ ಉಂಡೆಕಟ್ಟದೆ ಹರಡಿತು. ಮೆಟಾಕಾವೊಲಿನ್ ನೀರು ಜಾಸ್ತಿ ಕೇಳಿತು, ಆದರೂ ಕರಣೆಗೆ ಅಷ್ಟಾಗಿ ಅಂಟಲಿಲ್ಲ. ಸಿಲಿಕಾ ಫ್ಯೂಮ್ ಹಾಕಿದ್ದು ಮಾತ್ರ ಬೆಲ್ಲದ ಪಾಕ! ಸೂಪರ್‌ಪ್ಲಾಸ್ಟಿಸೈಸರನ್ನೂ ಅದೇ ಎಲ್ಲಕ್ಕಿಂತ ಹೆಚ್ಚು ಕುಡಿಯಿತು. ಅದರ ಕಣ ಸಿಮೆಂಟಿನ ಕಣಕ್ಕಿಂತ ಸುಮಾರು 100 ಪಟ್ಟು ಚಿಕ್ಕದು. ಅಷ್ಟೊಂದು ಮೈ ಒದ್ದೆಯಾಗಬೇಕಲ್ವಾ?

ಮೊದಲ ಸಲ ನಾನು ಒಂದು ತಪ್ಪು ಮಾಡಿದೆ. ಸಿಲಿಕಾ ಫ್ಯೂಮ್ ಸುಮ್ನೆ ಚೀಲದಿಂದ ಸುರಿದರೆ ಹೊಗೆಯಂತೆ ಹಾರುತ್ತದೆ, ಆದ್ದರಿಂದ ಒತ್ತಾಗಿಸಿ ಸಣ್ಣ ಕಾಳುಗಳಂತೆ ಮಾಡಿದ್ದನ್ನು ತಂದಿದ್ದೆ. ಅದನ್ನು ಕೊನೆಗೆ, ಒದ್ದೆ ಮಿಶ್ರಣಕ್ಕೆ ಸುರಿದೆ. ಆ ಕ್ಯೂಬ್ ಒಡೆದಾಗ ಒಳಗೆ ರಾಗಿ ಕಾಳಿನಷ್ಟು ಕಪ್ಪು ಚುಕ್ಕೆಗಳು. ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಅಂದರೆ ಅದು ಕರಗಿ ಬೆರೆತೇ ಇರಲಿಲ್ಲ. ಮುಂದಿನ ಸಲ ಜಲ್ಲಿ, ಮುಕ್ಕಾಲು ಭಾಗ ನೀರು, ಸಿಲಿಕಾ ಫ್ಯೂಮ್ ಇಷ್ಟನ್ನೇ ಮೊದಲು ತಿರುಗಿಸಿದೆ. ಜಲ್ಲಿಯೇ ಕಾಳುಗಳನ್ನು ಅರೆದು ಹಾಕಿತು. ಸಿಮೆಂಟು, ಮರಳು ಆಮೇಲೆ, ಫೈಬರ್ ಕಟ್ಟಕಡೆಗೆ.

ಇನ್ನೊಂದು ಕಾಟ ಬಿರುಕು. ಸಿಲಿಕಾ ಫ್ಯೂಮ್ ಕಾಂಕ್ರೀಟಿನ ಮೇಲೆ ನೀರು ಒಸರುವುದೇ ಇಲ್ಲ ಅನ್ನಬಹುದು. ಗಾಳಿ ಬೀಸುತ್ತಿತ್ತು, ನಾನು ಮುಚ್ಚಲು ತಡಮಾಡಿದೆ, ತೆಳು ಕಾಂಕ್ರೀಟ್ ಹಲಗೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಬಂದೇಬಿಟ್ಟವು. ಉಕ್ಕಿನ ಫೈಬರ್ ಇದೆಯಲ್ಲ, ತಡೆಯುತ್ತದೆ ಅಂದುಕೊಂಡಿದ್ದು ನನ್ನ ದಡ್ಡತನ. ಈಗ ಮಟ್ಟ ಮಾಡಿದ ಕೂಡಲೇ ನೀರಿನ ಮಂಜು ಹಾಯಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತೇನೆ. ಹಾರುಬೂದಿಯದಕ್ಕೆ ಇಷ್ಟು ಉಪಚಾರ ಬೇಕಾಗಲಿಲ್ಲ.

ಕ್ಯೂಬಿನ ಕಥೆ ಬೇಗ ಮುಗಿಯುತ್ತದೆ. 7 ದಿನಕ್ಕೂ 28 ದಿನಕ್ಕೂ ಸಿಲಿಕಾ ಫ್ಯೂಮ್ ಮುಂದೆ, ಮೆಟಾಕಾವೊಲಿನ್ ಅದರ ಬೆನ್ನಿಗೇ. ಹಾರುಬೂದಿ ಹಿಂದೆ ಉಳಿಯಿತು. ಅದು ನಿಧಾನದ ಪ್ರಾಣಿ, 90 ದಿನ ಕಾದರೆ ಅಂತರ ತುಂಬಾ ಕಡಿಮೆಯಾಗುತ್ತದೆ.

ಬೀಮಿಗೆ ಬರೋಣ. ಹಾರುಬೂದಿಯ ಬೀಮು ಬಿರುಕು ಬಿಟ್ಟ ಮೇಲೆ ಫೈಬರ್‌ಗಳು ಹೆಚ್ಚು ತಕರಾರಿಲ್ಲದೆ ಜಾರಿ ಬಂದವು. ಕೊಕ್ಕೆಗಳು ಅರ್ಧಂಬರ್ಧ ನೆಟ್ಟಗಾಗಿದ್ದವು, ಮೈ ನುಣುಪಾಗಿ ಹೊಳೆಯುತ್ತಿತ್ತು. ಸಿಲಿಕಾ ಫ್ಯೂಮಿನದರಲ್ಲಿ ಕೊಕ್ಕೆಗಳು ಪೂರ್ತಿ ನೆಟ್ಟಗೆ, ಮೈಗೆ ಬೂದು ಬಣ್ಣದ ಗಾರೆ ಮೆತ್ತಿಕೊಂಡಿತ್ತು. ಬಿರುಕು ಅಗಲವಾಗುತ್ತಾ ಹೋದರೂ ಬೀಮು ಭಾರ ಹೊತ್ತುಕೊಂಡೇ ಇತ್ತು. ಕಾರಣ ಫೈಬರಿನ ಸುತ್ತಲಿನ ತೆಳು ಪದರ. ಸಾಮಾನ್ಯವಾಗಿ ಅಲ್ಲಿ ನೀರು ಜಾಸ್ತಿ ನಿಂತು, ಸುಣ್ಣದ ಹರಳುಗಳು ಬೆಳೆದು, ಜಾಗ ಸಡಿಲವಾಗುತ್ತದೆ. ಸಿಲಿಕಾ ಫ್ಯೂಮಿನ ನುಣ್ಣನೆ ಕಣಗಳು ಆ ಸಂದಿಗೆ ನುಗ್ಗಿ, ಸುಣ್ಣದ ಜೊತೆ ಸೇರಿ, ಸಿಮೆಂಟನ್ನು ಗಟ್ಟಿಯಾಗಿಸುವ ಅದೇ ಅಂಟನ್ನು ಇನ್ನಷ್ಟು ಹುಟ್ಟಿಸುತ್ತವೆ. ಮೆಟಾಕಾವೊಲಿನ್ ಮಾಡುವುದೂ ಹೆಚ್ಚುಕಮ್ಮಿ ಇದೇ ಕೆಲಸ, ಆದರೆ ಅದರ ಕಣ ಇಷ್ಟು ಸಣ್ಣದಲ್ಲ. ನನ್ನ ಬೀಮುಗಳಲ್ಲಿ ಹಿಡಿತ ಒಂದು ಕೂದಲಷ್ಟು ಕಡಿಮೆ ಅನ್ನಿಸಿತು.

ಹಾಗಾದರೆ ಸಿಲಿಕಾ ಫ್ಯೂಮ್ ಇನ್ನೂ ಜಾಸ್ತಿ ಹಾಕಿದರೆ? ಆಸೆಗೆ ಬಿದ್ದು ಶೇ 15 ಹಾಕಿ ನೋಡಿದೆ. ಬೀಮು ಬಗ್ಗುವಾಗ ಟಿಕ್, ಟಿಕ್ ಅಂತ ಸದ್ದು. ಫೈಬರ್‌ಗಳು ಜಾರುವ ಬದಲು ತುಂಡಾಗುತ್ತಿದ್ದವು. ಹಿಡಿತ ಉಕ್ಕಿನ ಶಕ್ತಿಯನ್ನೇ ಮೀರಿದರೆ ಆಗುವುದು ಹೀಗೆ. ಫೈಬರ್ ಜಾರಿ ಬರುವಾಗ ಹೀರಿಕೊಳ್ಳುವ ಶಕ್ತಿಯೇ ನಮಗೆ ಲಾಭ. ತುಂಡಾದರೆ ಆ ಲಾಭ ಹೋಯಿತು, ಬೀಮು ದಿಢೀರನೆ ಕೈಬಿಟ್ಟಿತು. ಅಷ್ಟು ಹಾಕಲೇಬೇಕಿದ್ದರೆ ಇನ್ನೂ ಬಲವಾದ ಉಕ್ಕಿನ ಫೈಬರ್ ಹುಡುಕಬೇಕು.

ತೆಳು ಹಲಗೆ, ಬೇಗ ಬಲ ಬೇಕಾದ ಕೆಲಸ ಅಂದರೆ ನಾನು ಶೇ 8 ಸಿಲಿಕಾ ಫ್ಯೂಮ್ ತೆಗೆದುಕೊಳ್ಳುತ್ತೇನೆ. ಬಣ್ಣ ತಿಳಿಯಾಗಿರಬೇಕೆಂದರೆ ಮೆಟಾಕಾವೊಲಿನ್, ಯಾಕೆಂದರೆ ಸಿಲಿಕಾ ಫ್ಯೂಮಿನದು ಸ್ಲೇಟಿನ ಕಪ್ಪು. ದಪ್ಪ ತಳಪಾಯಕ್ಕೆ, ಕಾಯಲು ಪುರುಸೊತ್ತಿದ್ದರೆ, ಹಾರುಬೂದಿಯೇ ಸಾಕು. ಅಲ್ಲಿ ಬಿಸಿಯೂ ಕಡಿಮೆ ಏರುತ್ತದೆ.