ಲ್ಯಾಟಿನ್ ಜಾಝ್ ಕೈಗಳಲ್ಲಿ ಪಳಗಿದ ಕೊಂಗಾ, ಈಗ ವಾಸ್ಕೋದ ನಮ್ಮ ಮನೆಯಲ್ಲಿ

ಝಾಕಿರ್ ಹುಸೇನ್ ಅವರ ಜೊತೆ ಪೋರ್ಟೊ ರಿಕೋದ ಜೊವಾನಿ ಹಿಡಾಲ್ಗೊ ಕೊಂಗಾ ಎಂಬ, ಕೈಯಿಂದ ನುಡಿಸುವ ಕ್ಯೂಬಾದ ಎತ್ತರದ ಡ್ರಮ್ ನುಡಿಸಿದ್ದನ್ನು ಕೇಳಿದಾಗಿನಿಂದ ನನಗೆ ಅದೊಂದು ಬೇಕೇ ಬೇಕಿತ್ತು. ಮೊದಲು ಆನ್‌ಲೈನ್‌ನಲ್ಲಿ ಹೊಸದೊಂದು ತರಿಸಿದೆ. ತಗಡಿನ ಡಬ್ಬಿ ಬಡಿದ ಹಾಗಿತ್ತು, ವಾಪಸ್ ಕಳಿಸಿದೆ.

ಇದು ಸಿಕ್ಕಿದ್ದು ಫೆಬ್ರವರಿಯಲ್ಲಿ. ಗೋವಾದ ಹೋಟೆಲ್‌ಗಳಲ್ಲಿ ವರ್ಷಗಟ್ಟಲೆ ಲ್ಯಾಟಿನ್ ಜಾಝ್ ನುಡಿಸಿದ ಹಿರಿಯರೊಬ್ಬರು ಮೊಣಕೈ ನೋವಿನಿಂದ ಬಿಟ್ಟುಕೊಟ್ಟರು. 18,000 ರೂಪಾಯಿ. ಚರ್ಮ ಎಲ್ಲಿ ಸವೆದಿದೆ, ಉಪ್ಪುಗಾಳಿಗೆ ಯಾವ ಕೊಕ್ಕೆ ತುಕ್ಕು ಹಿಡಿದಿದೆ, ಎಲ್ಲವನ್ನೂ ನಾನು ಕೇಳುವ ಮೊದಲೇ ತೋರಿಸಿದರು. ಅಷ್ಟಾದ ಮೇಲೆ ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ.

ಮರದ ಪಟ್ಟಿಗಳನ್ನು ಪೀಪಾಯಿ ಹಾಗೆ ಜೋಡಿಸಿದ ಮೈ, 30 ಇಂಚು ಎತ್ತರ, ಬಾಯಿ 11.75 ಇಂಚು. ಇದಕ್ಕಿಂತ ಚಿಕ್ಕದು ಕ್ವಿಂಟೊ, ದೊಡ್ಡದು ಟುಂಬಾ. ಇದು ನಡುವಿನದು.

ತಬಲಾ ಕಲಿತವರು ಒಂದು ಮಾತು ತಿಳಿದಿರಬೇಕು. ಇಲ್ಲಿ ಮಧ್ಯದಲ್ಲಿ ಕರಣೆ, ಅಂದರೆ ತಬಲಾದ ಆ ಕಪ್ಪು ಬೊಟ್ಟು ಇಲ್ಲ, ಬೆರಳಿನ ಚುರುಕು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ, ಇಡೀ ಅಂಗೈ ಮಾತಾಡಬೇಕು. ಸ್ಲ್ಯಾಪ್ ಅನ್ನುವ ಚಟ್ ಎನ್ನುವ ಪೆಟ್ಟು ನನಗೆ ಕೂರಲು ಮೂರು ತಿಂಗಳು ಹಿಡಿಯಿತು. ಆದರೆ ಹೊಸ ಡ್ರಮ್‌ನಲ್ಲಿ ಬಾರದ ಆ ಪೆಟ್ಟು ಈ ಪಳಗಿದ ಚರ್ಮದಲ್ಲಿ ಬಂತು, ಅದಕ್ಕೇ ಇದು ನನಗೆ ಇಷ್ಟು ಇಷ್ಟ. ಡ್ರಮ್ ನೆಲಕ್ಕೆ ಪೂರ್ತಿ ಕೂತಿದ್ದರೆ ಕೆಳಗಿನ ಬಾಯಿ ಮುಚ್ಚಿ ಬೇಸ್ ಸತ್ತುಹೋಗುತ್ತದೆ, ಮೊಣಕಾಲುಗಳ ನಡುವೆ ಹಿಡಿದು ಸ್ವಲ್ಪ ವಾಲಿಸಿ ನೋಡಿ, ಗುಂಯ್ ಅಂತ ಹೊಟ್ಟೆಗೇ ತಾಕುತ್ತದೆ.

ಹಿಂದೆ ಕ್ಯೂಬಾದಲ್ಲಿ ಚರ್ಮವನ್ನು ಮೊಳೆ ಹೊಡೆದು ಕೂರಿಸಿ, ಬೆಂಕಿಗೆ ಹಿಡಿದು ಶ್ರುತಿ ಮಾಡುತ್ತಿದ್ದರು. ಸ್ಪ್ಯಾನರ್‌ನಿಂದ ಬಿಗಿ ಮಾಡುವ ಈಗಿನ ಪದ್ಧತಿ ಬರುವುದರಲ್ಲಿ ಕ್ಯೂಬಾದ ಕೊಂಗಾ ವಾದಕ ಪಟಾಟೊ ವಾಲ್ಡೆಸ್ ಅವರ ಪಾಲು ದೊಡ್ಡದು. ಜೂನ್‌ನಲ್ಲಿ ಮಳೆ ಹಿಡಿದಾಗ ಅವರನ್ನು ಎಷ್ಟು ಸಲ ನೆನೆಸಿದೆನೋ! ದಿನಾ ಚರ್ಮ ಸಡಿಲ, ದಿನಾ ಬಿಗಿ ಮಾಡಬೇಕು. ನುಡಿಸಿದ ಮೇಲೆ ಮತ್ತೆ ಸಡಿಲಿಸಿಡಬೇಕು, ಇಲ್ಲದಿದ್ದರೆ ಚರ್ಮಕ್ಕೂ ಮರಕ್ಕೂ ಸುಮ್ನೆ ಒತ್ತಡ. ಈ ಕೆಲಸ ಬೇಡ ಅನ್ನುವವರು ಪ್ಲಾಸ್ಟಿಕ್ ಹೊದಿಕೆಯದನ್ನೇ ಕೊಳ್ಳಿ. ತುಕ್ಕು ಹಿಡಿದ ಕೊಕ್ಕೆಯನ್ನು ಬದಲಾಯಿಸಿದೆ, ಖರ್ಚೇನೂ ಜಾಸ್ತಿ ಆಗಲಿಲ್ಲ.

ಚೌತಿಗೆ ಪಕ್ಕದ ಮನೆಯ ಆರತಿಯಲ್ಲಿ ಘುಮಟ್ ಬಾರಿಸುತ್ತಿದ್ದರು. ಮಣ್ಣಿನ ಮಡಕೆ, ಮೊದಲು ಉಡದ ಚರ್ಮ ಹಾಕುತ್ತಿದ್ದರಂತೆ, ಈಗ ಆಡಿನದು. ನಾನೂ ಕೊಂಗಾ ಎತ್ತಿಕೊಂಡು ಹೋಗಿ ಹಿಂದೆ ಕೂತು ಮೆಲ್ಲಗೆ ಬೇಸ್ ಕೊಟ್ಟೆ. ಮುಗಿದ ಮೇಲೆ ಘುಮಟ್ ಬಾರಿಸುವ ಹುಡುಗ ಬಂದು ಅದರ ಮೇಲೆ ಕೈಯಿಟ್ಟ. ಊಟಕ್ಕೆ ಕರೆದರೂ ಏಳಲಿಲ್ಲ.