ಜಾಮೀನು ಹಾಕುವುದೋ, ಸಹ-ಸಾಲಗಾರರಾಗುವುದೋ?

ಭಾವನ ಮನೆ ಸಾಲಕ್ಕೆ ನಿಮ್ಮ ಸಹಿ ಬೇಕಂತೆ. ಸರಿ, ಆದರೆ ಯಾರಾಗಿ ಸಹಿ?

ಸಹ-ಸಾಲಗಾರರಾದರೆ ಮೊದಲ ದಿನದಿಂದಲೇ ಸಾಲ ನಿಮ್ಮದೂ ಹೌದು. ಅದು ಗೊತ್ತಿದ್ದೇ ಹೊರುವ ಭಾರ. ಮನೆಯಲ್ಲಿ ಪಾಲಿದ್ದು ಕಂತನ್ನೂ ಕಟ್ಟುತ್ತಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ತೆರಿಗೆ ಲೆಕ್ಕದ ಆದಾಯದಿಂದ ಕಳೆಯಬಹುದು.

ಜಾಮೀನುದಾರರದು ‘ಒಂದು ವೇಳೆ’ ಸಾಲ. ಭಾವ ಕಟ್ಟದಿದ್ದರೆ ಮಾತ್ರ ನಿಮ್ಮ ತಲೆಗೆ. ಲೆಕ್ಕಪತ್ರದವರು ಇದನ್ನು ಸಂಭಾವ್ಯ ಹೊಣೆ ಅನ್ನುತ್ತಾರೆ. ಕಂಪನಿಗಳು ಸಾಮಾನ್ಯವಾಗಿ ಇದನ್ನು ಸಾಲದ ಮೊತ್ತಕ್ಕೆ ಸೇರಿಸದೆ ಟಿಪ್ಪಣಿಯಲ್ಲಿ ತೋರಿಸುತ್ತವೆ.

‘ಸುಮ್ನೆ ಒಂದು ಸಹಿ’ ಅಂತಾರಲ್ವಾ, ಮೋಸ ಹೋಗುವುದು ಅಲ್ಲೇ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರಷ್ಟೇ. ಕಂತು ತಪ್ಪಿದ ಮೇಲೆ ಬ್ಯಾಂಕು ಮೊದಲು ಭಾವನ ಆಸ್ತಿ ಮಾರಲೇಬೇಕು ಅಂತೇನಿಲ್ಲ. ನೇರ ನಿಮ್ಮ ಬಾಗಿಲಿಗೇ ಬರಬಹುದು. ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲೂ ಆ ಸಾಲ ಕಾಣುತ್ತದೆ. ನಾಳೆ ನಿಮಗೇ ಸಾಲ ಬೇಕಾದಾಗ ಅಡ್ಡ ಬಂದೀತು.

ಒಂದು ಸಮಾಧಾನವಿದೆ. ನೀವು ಪೂರ್ತಿ ತೀರಿಸಿದರೆ ಬ್ಯಾಂಕಿಗಿದ್ದ ಹಕ್ಕು 140ನೇ ಕಲಂನಂತೆ ನಿಮಗೆ ಬರುತ್ತದೆ. ಭಾವನಿಂದ ವಸೂಲಿ ಮಾಡಬಹುದು. ಸಂಬಂಧ ಉಳಿಯುತ್ತದಾ, ಅದು ಬೇರೆ ಮಾತು.

ಮನೆಯಲ್ಲಿ ಪಾಲು ಕೊಟ್ಟರೆ ನಾನಾದರೆ ಸಹ-ಸಾಲಗಾರನಾಗುತ್ತೇನೆ. ಪಾಲಿಲ್ಲವೆಂದರೆ ಜಾಮೀನು, ಅದೂ ಇಂತಿಷ್ಟು ಮೊತ್ತದವರೆಗೆ ಮಾತ್ರ ಎಂದು ಪತ್ರದಲ್ಲಿ ಬರೆಸಿಕೊಂಡ ಮೇಲೆ.